ಕ್ಯಾಮೆರಾ ಆಮೇಲೆ, ಮೊದಲು ಕಿವಿ

ಸಿನಿಮಾ ಮಾಡ್ತೀನಿ ಅಂತ ಯಾರಿಗಾದ್ರೂ ಹೇಳಿ ನೋಡಿ. "ಯಾವ ಕ್ಯಾಮೆರಾ?" ಅನ್ನೋದೇ ಮೊದಲ ಪ್ರಶ್ನೆ. ಮೈಕ್ ಯಾವುದು ಅಂತ ಕೇಳಿದವರನ್ನು ನಾನಿನ್ನೂ ಕಂಡಿಲ್ಲ. ಆದರೆ ನೋಡುವವರು ಚಿತ್ರ ಸ್ವಲ್ಪ ಮಸುಕಾದ್ರೆ ಸಹಿಸ್ಕೋತಾರೆ, ಮಾತು ಕೇಳಿಸದಿದ್ರೆ ಎರಡೇ ನಿಮಿಷಕ್ಕೆ ಎದ್ದು ಹೋಗ್ತಾರೆ. ಕೈಯಲ್ಲಿ ಕಾಸಿಲ್ಲದೆ ಸಿನಿಮಾ ಶುರು ಮಾಡುವವರು ಮೊದಲ ಗಮನ ಶಬ್ದಕ್ಕೆ ಕೊಡಬೇಕು ಅನ್ನೋದು ಅದಕ್ಕೇ.

ಹಗಲು ಸಾಫ್ಟ್‌ವೇರ್ ಕೆಲಸ, ರಾತ್ರಿ ಸಿನಿಮಾ ಹುಚ್ಚು ಇರುವ ನನ್ನಂಥವರಿಗೆ ಹೆಗ್ಗೋಡಿನಂಥ ಜಾಗ ಇನ್ನೊಂದಿಲ್ಲ. ಇಲ್ಲಿ ನೀನಾಸಂ ಶುರುವಾಗಿದ್ದು 1949ರಲ್ಲಿ. ನಾಟಕಕ್ಕೆ ಹೆಸರಾದ ಈ ಸಂಸ್ಥೆಯಲ್ಲೇ 1973ರಲ್ಲಿ ಚಿತ್ರಸಮಾಜವೂ ಹುಟ್ಟಿತು. ಕೆ.ವಿ. ಸುಬ್ಬಣ್ಣ ಮತ್ತು ಗೆಳೆಯರು ಜಗತ್ತಿನ ಸಿನಿಮಾಗಳನ್ನು ಅಡಿಕೆ ತೋಟದ ಜನಕ್ಕೆ ತೋರಿಸಿದರು. ತೀರ್ಥಹಳ್ಳಿ ಕಡೆಯ ಗಿರೀಶ್ ಕಾಸರವಳ್ಳಿಯವರು ಫಾರ್ಮಸಿ ಓದಿ, ಆಮೇಲೆ ಪುಣೆಯ ಫಿಲ್ಮ್ ಇನ್‌ಸ್ಟಿಟ್ಯೂಟಿಗೆ ಹೋಗಿ, 1977ರಲ್ಲಿ 'ಘಟಶ್ರಾದ್ಧ' ಮಾಡಿದರು. ಅದಕ್ಕೆ ಸ್ವರ್ಣಕಮಲ ಬಂತು. ಹಾಗಾಗಿ ಓದಿದ್ದೊಂದು, ಮಾಡೋದೊಂದು ಅಂದ್ರೆ ಇಲ್ಲಿ ಯಾರೂ ಗಾಬರಿಯಾಗೋದಿಲ್ಲ.

ಇನ್ನು ಶಬ್ದದ ಮಾತು. ನಮ್ಮ ಸಿನಿಮಾಗಳಲ್ಲಿ ಚಿತ್ರೀಕರಣ ಮುಗಿದ ಮೇಲೆ ಸ್ಟುಡಿಯೋದಲ್ಲಿ ಕೂತು ಮಾತನ್ನು ಡಬ್ ಮಾಡೋದು ಬಹುಕಾಲದ ವಾಡಿಕೆ. ಕೆಲಸ ಸಲೀಸು, ಆದರೆ ಊರಿನ ಸದ್ದು ಅಲ್ಲೇ ಉಳಿದುಬಿಡುತ್ತೆ. ಮಂಡ್ಯ ಜಿಲ್ಲೆಯ ಹಳ್ಳಿಯಲ್ಲಿ ತೆಗೆದ ರಾಮ್ ರೆಡ್ಡಿಯವರ 'ತಿಥಿ'ಯಲ್ಲಿ ಜನ ಮಾತಾಡಿದ್ದನ್ನು ಅಲ್ಲೇ ಹಿಡಿದರು. ಗಡ್ಡಪ್ಪನ ಮಾತು ನಮಗೆಲ್ಲ ಬಾಯಿಪಾಠ ಆಗಿದ್ದಕ್ಕೆ ಅದೂ ಒಂದು ಕಾರಣ. ಆ ಚಿತ್ರದ ಶಬ್ದ ವಿನ್ಯಾಸ ಮಾಡಿದ ನಿತಿನ್ ಲೂಕೋಸ್ ಮುಂದೆ ಮಲಯಾಳಂನಲ್ಲಿ 'ಪಕ' ನಿರ್ದೇಶಿಸಿದರು. ಶಬ್ದದ ಬಾಗಿಲಿಂದಲೂ ನಿರ್ದೇಶನಕ್ಕೆ ದಾರಿ ಇದೆ ಅಂತಾಯ್ತು.

ನಾನು ಮಾಡಬೇಕು ಅಂದ್ಕೊಂಡಿರೋದು ಹತ್ತು ನಿಮಿಷದ ಚಿತ್ರ. ಕೊಯ್ಲಿನ ಕಾಲದ ಒಂದು ರಾತ್ರಿ, ಅಡಿಕೆ ಸುಲಿಯೋ ಹೆಂಗಸರು. ಮೆಟ್ಟುಗತ್ತಿಯ ಕಚ್ ಕಚ್, ಬುಟ್ಟಿಗೆ ಬೀಳೋ ಅಡಿಕೆ, ನಡುವೆ ಊರಿನ ಸುದ್ದಿಯೆಲ್ಲ. ದೊಡ್ಡಮ್ಮನ ಎಷ್ಟೋ ಕಥೆಗಳು ಸುಲಿಯೋವಾಗ ಮಾತ್ರ ಬಾಯಿಗೆ ಬರುತ್ತವೆ. ಸುಮ್ಮನೆ ಕೂತಾಗ ಕೇಳಿದ್ರೆ "ನೆನಪಿಲ್ಲ ಹೋಗೋ" ಅಂತಾರೆ. ಮುಂದಿನ ವರ್ಷ ನಮ್ಮನೆಗೂ ಸುಲಿಯೋ ಮಷಿನ್ ಬರುತ್ತೆ. ಬರಲಿ; ಸುಲಿಯೋಕೆ ಜನ ಸಿಗ್ತಿಲ್ಲ, ದೊಡ್ಡಮ್ಮನ ಮಂಡಿಯೂ ಮೊದಲಿನಂತಿಲ್ಲ. ಆದರೆ ಮಷಿನ್ ಮುಂದೆ ಕೂತು ಯಾರೂ ಕಥೆ ಹೇಳಲಾರರು. ಚಿತ್ರ ಆಗೋದಾದ್ರೆ ಈ ಸಲವೇ ಆಗಬೇಕು. ದೊಡ್ಡಮ್ಮನ ಒಪ್ಪಿಗೆ ಕೇಳಿದೆ. "ನನ್ನ ದನಿ ಎಂತಕ್ಕೋ ನಿಂಗೆ?" ಅಂದರು, ಆಮೇಲೆ ಹೂಂ ಅಂದರು.

ತಯಾರಿಗೆ ದೊಡ್ಡ ಖರ್ಚೇನಿಲ್ಲ. ಕಾಲರ್‌ಗೆ ಸಿಕ್ಕಿಸೋ ಮೈಕ್, ಒಂದು ಮೊಬೈಲ್, ಕಿವಿ ಪೂರ್ತಿ ಮುಚ್ಚೋ ಹೆಡ್‌ಫೋನ್ ಸಾಕು. ರೆಕಾರ್ಡಿಂಗ್ ಆ್ಯಪ್‌ನಲ್ಲಿ ವೇವ್ ಫೈಲ್, 48 ಕಿಲೋಹರ್ಟ್ಸ್ ಅಂತ ಆರಿಸಿಕೊಳ್ಳಿ. ಅಂದರೆ ಸೆಕೆಂಡಿಗೆ 48,000 ಸಲ ಶಬ್ದದ ಅಳತೆ ತೆಗೆದಂತೆ. ವಿಡಿಯೋದವರೂ ಇದನ್ನೇ ಬಳಸ್ತಾರೆ. ಮೈಕ್ ಬಾಯಿಗೆ ಹತ್ತಿರ ಇರಲಿ. ಬಯಲಲ್ಲಿ ದೂರ ಎರಡು ಪಟ್ಟಾದ್ರೆ ಶಬ್ದ ಸುಮಾರು 6 ಡೆಸಿಬಲ್ ಇಳಿಯುತ್ತೆ, ಸುತ್ತಲಿನ ಗದ್ದಲ ಮಾತ್ರ ಅಷ್ಟೇ ಇರುತ್ತೆ. ಟೇಕ್ ಶುರುವಲ್ಲಿ ಒಂದು ಚಪ್ಪಾಳೆ ಹೊಡೆದರೆ ಆಮೇಲೆ ಚಿತ್ರಕ್ಕೂ ಶಬ್ದಕ್ಕೂ ಹೊಂದಿಸೋದು ಸುಲಭ.

ಫ್ರಿಜ್ ಆಫ್ ಮಾಡಿ, ಬೈಕ್ ಕೀಲಿ ಅದರೊಳಗೇ ಇಡಿ. ಹೊರಡುವಾಗ ಕೀಲಿ ಹುಡುಕ್ತೀರಿ, ಫ್ರಿಜ್ ಆನ್ ಮಾಡೋದು ನೆನಪಾಗುತ್ತೆ. ಇದು ಶಬ್ದದವರ ಹಳೇ ಉಪಾಯ. ಕೊನೇಲಿ ಯಾರೂ ಮಾತಾಡದೆ, ಅಲ್ಲಾಡದೆ ಒಂದು ನಿಮಿಷ ಆ ಜಾಗದ ಸದ್ದನ್ನಷ್ಟೇ ರೆಕಾರ್ಡ್ ಮಾಡಿಕೊಳ್ಳಿ. ಎರಡು ಮಾತಿನ ನಡುವೆ ಕತ್ತರಿಸಿದಾಗ ಬೀಳೋ ತೂತನ್ನು ಮುಚ್ಚೋಕೆ ಅದೇ ಬೇಕು. ಎಡಿಟಿಂಗ್‌ಗೆ ಆಡಾಸಿಟಿ ಉಚಿತ, ಡಾವಿಂಚಿ ರಿಸಾಲ್ವ್‌ನ ಉಚಿತ ಆವೃತ್ತಿಯಲ್ಲೂ ಶಬ್ದದ ವಿಭಾಗ ಇದೆ.

ಕ್ಯಾಮೆರಾ ಇನ್ನೂ ಗೆಳೆಯನದ್ದು, ದಿನಾಂಕ ಅವನ ರಜೆ ಮೇಲೆ ನಿಂತಿದೆ. ಅಲ್ಲಿವರೆಗೆ ದಿನಾ ರಾತ್ರಿ ಜಗುಲಿ ಮೇಲೆ ಕೂತು ಹತ್ತು ನಿಮಿಷ ರೆಕಾರ್ಡ್ ಮಾಡ್ತಿದ್ದೀನಿ: ಜೀರುಂಡೆ, ಹೆಂಚಿನ ಮೇಲಿನ ಮಳೆ, ತೋಟದಲ್ಲಿ ದೊಪ್ ಅಂತ ಬೀಳೋ ಹಾಳೆ. ನಿಮ್ಮಲ್ಲೂ ಯಾರಿಗಾದ್ರೂ ಈ ಹುಚ್ಚಿದ್ರೆ ಕ್ಯಾಮೆರಾಕ್ಕೆ ಕಾಯಬೇಡಿ. ಮನೆಯ ಹಿರಿಯರೊಬ್ಬರ ಒಪ್ಪಿಗೆ ತಗೊಂಡು, ಅವರು ಕೆಲಸ ಮಾಡ್ತಾ ಮಾತಾಡೋವಾಗ ಒಂದು ಹತ್ತು ನಿಮಿಷ ರೆಕಾರ್ಡ್ ಮಾಡಿಡಿ.