ದಾದಿಯರ ಜೇಬಿನ ಚೀಟಿ

ಕುಂದಾಪುರ, ಬೈಂದೂರು, ಬ್ರಹ್ಮಾವರ ಪರಿಸರದ ನಮ್ಮ ಕುಟುಂಬಗಳ ಅನೇಕ ಹೆಣ್ಣುಮಕ್ಕಳು ಮಣಿಪಾಲ, ಮಂಗಳೂರು ಹಾಗೂ ಕೊಲ್ಲಿ ರಾಷ್ಟ್ರಗಳ ಆಸ್ಪತ್ರೆಗಳಲ್ಲಿ ದಾದಿಯರಾಗಿದ್ದಾರೆ. (ನಮ್ಮಲ್ಲಿ ಸಿಸ್ಟರ್ ಎಂದರೆ ದಾದಿಯೂ ಹೌದು, ಕನ್ಯಾಸ್ತ್ರೀಯೂ ಹೌದು, ಕೆಲವೆಡೆ ಇಬ್ಬರೂ ಒಬ್ಬರೇ.) ಪಾಳಿ ಮುಗಿದು ಎಷ್ಟೋ ಹೊತ್ತಾದರೂ ಮಗಳು ಮನೆ ಸೇರದಿದ್ದರೆ ತಾಯಂದಿರಿಗೆ ದೊರೆಯುವ ಉತ್ತರ, ‘ಹ್ಯಾಂಡೋವರ್ ಇತ್ತು’ ಎಂಬುದು.

ತಮ್ಮ ವಶದಲ್ಲಿದ್ದ ರೋಗಿಗಳನ್ನು ಮುಂದಿನ ಪಾಳಿಯವರಿಗೆ ಒಪ್ಪಿಸುವ ಕ್ರಮವಿದು. ಯಾರಿಗೆ ಯಾವ ಔಷಧ ಕೊಟ್ಟಾಯಿತು, ಯಾವುದು ಬಾಕಿಯಿದೆ, ಯಾರಿಗೆ ಯಾವ ಔಷಧ ಒಗ್ಗದು, ಯಾರು ಶಸ್ತ್ರಚಿಕಿತ್ಸೆಗಾಗಿ ಬರಿಹೊಟ್ಟೆಯಲ್ಲಿರಬೇಕು ಎಂಬುದೆಲ್ಲ ಆ ಕೆಲವೇ ನಿಮಿಷಗಳಲ್ಲಿ ದಾಟಬೇಕು. ಕೇಳುವವರು ಮಡಚಿದ ಚೀಟಿಯೊಂದರಲ್ಲಿ ಹಾಸಿಗೆಯ ಸಂಖ್ಯೆ ಬರೆದು, ಎದುರಿಗೆ ಎರಡಕ್ಷರ ಗೀಚಿ ಜೇಬಿಗಿಳಿಸುತ್ತಾರೆ. ಅದನ್ನು ಕಂಡು, ‘ಇವರಿಗೆ ಇಷ್ಟೂ ನೆನಪಿರುವುದಿಲ್ಲವೇ?’ ಎಂದು ರೋಗಿಯ ಕಡೆಯವರು ಮೂಗು ಮುರಿಯುವುದುಂಟು.

ನೆನಪನ್ನು ನಂಬಿದರೆ ಏನಾಗುತ್ತದೆಂಬುದಕ್ಕೆ ಬ್ರಿಟನ್ನಿನಲ್ಲಿ 2007ರಲ್ಲಿ ಪ್ರಕಟವಾದ ಸಣ್ಣ ಪ್ರಯೋಗವೊಂದಿದೆ. 12 ಮಂದಿ ಕಾಲ್ಪನಿಕ ರೋಗಿಗಳ ವಿವರಗಳನ್ನು ಒಬ್ಬರಿಂದೊಬ್ಬರಿಗೆ 5 ಬಾರಿ ದಾಟಿಸಲಾಯಿತು. ಬರೀ ಬಾಯಿಮಾತಿನಲ್ಲಿ ದಾಟಿಸಿದಾಗ ಕೊನೆಗುಳಿದದ್ದು ಕೇವಲ ಶೇ. 2.5. ಕೇಳುತ್ತ ಟಿಪ್ಪಣಿ ಮಾಡಿಕೊಂಡಾಗ ಶೇ. 85.5. ವಿವರಗಳೆಲ್ಲ ಅಚ್ಚಾದ ಹಾಳೆಯನ್ನೂ ಕೈಗಿತ್ತಾಗ ಶೇ. 99. ಪಾಳಿ ಬದಲಾವಣೆಯ ವೇಳೆಯ ಸಂವಹನವನ್ನು ವಿಶ್ವ ಆರೋಗ್ಯ ಸಂಸ್ಥೆಯು 2007ರಲ್ಲಿ ರೋಗಿಗಳ ಸುರಕ್ಷತೆಯ ಒಂಬತ್ತು ಮುಖ್ಯ ವಿಷಯಗಳಲ್ಲಿ ಒಂದಾಗಿ ಸೇರಿಸಿದ್ದು ಸುಮ್ಮನೆ ಅಲ್ಲ.

ಆದುದರಿಂದ ಚೀಟಿಯನ್ನು ಹೀಗಳೆಯಲಾಗದು. ಹಾಗೆಂದು ಅದೊಂದೇ ಸಾಲದು. ಸೋರಿಹೋದ ಆ ಹದಿನಾಲ್ಕೂವರೆ ಪಾಲಿನಲ್ಲಿ ನಮ್ಮ ತಂದೆಯವರಿಗೆ ಪೆನ್ಸಿಲಿನ್ ಒಗ್ಗದೆಂಬ ಮಾತೂ ಇರಬಹುದಲ್ಲವೇ? ಚೀಟಿಯಲ್ಲಿದ್ದು ಕಡತಕ್ಕೇರದ ಸಂಗತಿಯು ದಾದಿಯೊಡನೆ ಮನೆಗೆ ಹೋಗುತ್ತದೆ. ಮರುದಿನ ಸಮವಸ್ತ್ರದೊಂದಿಗೆ ಒಗೆಯುವ ನೀರಿಗೆ ಬೀಳುತ್ತದೆ. ರೋಗಿಯ ಗುಟ್ಟು ಕಂಡವರ ಕೈಗೆ ಸಿಗುವ ಅಪಾಯವೂ ಉಂಟು. ಗಣಕಯಂತ್ರ ಬಂದ ಕಡೆಯಲ್ಲೂ ಚೀಟಿ ಮಾಯವಾಗಿಲ್ಲ, ಯಂತ್ರವನ್ನು ಜೇಬಿನಲ್ಲಿಟ್ಟು ಹಾಸಿಗೆಯಿಂದ ಹಾಸಿಗೆಗೆ ನಡೆಯಲಾಗದಷ್ಟೆ.

ಪ್ರತಿ ಪಾಳಿಗೂ ಅಚ್ಚುಹಾಳೆ ಒದಗಿಸುವುದು, ರೋಗಿಯ ಹಾಸಿಗೆಯ ಬಳಿಯೇ ಅದನ್ನು ಓದಿ ಒಪ್ಪಿಸುವಂತೆ ಮಾಡುವುದು, ಕೆಲಸ ಮುಗಿದ ಚೀಟಿಗಳನ್ನು ಅಲ್ಲಿಯೇ ಹರಿದು ನಾಶಪಡಿಸುವುದು ಆಡಳಿತದವರ ಹೊಣೆ. ಅದಕ್ಕಿಂತ ಮುಖ್ಯವಾದುದು ವೇಳೆ. ಒಪ್ಪಿಸುವ ಅರ್ಧ ಗಂಟೆಯನ್ನು ಕರ್ತವ್ಯದ ಅವಧಿಗೆ ಸೇರಿಸಿ ಸಂಬಳ ಕೊಡದಿದ್ದರೆ, ಬಸ್ಸು ತಪ್ಪುವ ಆತಂಕದಲ್ಲಿರುವ ದಾದಿ ಅವಸರವಸರವಾಗಿಯೇ ಹೇಳಿ ಮುಗಿಸುವರು. ಆ ಅರ್ಧ ಗಂಟೆ, ಬಿಲ್ಲಿನ ವಿಚಾರವನ್ನೂ ಊಟದ ವಿಚಾರವನ್ನೂ ಎತ್ತಿಕೊಂಡು ಅವರ ನಡುವೆ ನುಗ್ಗದೆ ನಾವೂ ಹೊರಗಿನ ಬೆಂಚಿನ ಮೇಲೆ ಕಾಯಬಹುದು.