ಪಾಠವೇ ಪ್ರಸಂಗ, ಮಕ್ಕಳೇ ಅರ್ಥಧಾರಿಗಳು

ನಮ್ಮ ಶಾಲೆಗಳಿಗೆ ನಾಟಕ ವರ್ಷಕ್ಕೊಮ್ಮೆ ಬರುತ್ತದೆ. ವಾರ್ಷಿಕೋತ್ಸವಕ್ಕೆ ಹದಿನೈದು ದಿನ ಉಳಿದಾಗ ಯಾರೋ ಹಳೆಯ ಪುಸ್ತಕವೊಂದನ್ನು ಹುಡುಕುತ್ತಾರೆ, ಗಟ್ಟಿ ದನಿಯ ನಾಲ್ಕು ಮಕ್ಕಳನ್ನು ಆರಿಸುತ್ತಾರೆ, ಉಳಿದವರನ್ನು ಮರ, ಬಂಡೆ, ದ್ವಾರಪಾಲಕರಾಗಿ ನಿಲ್ಲಿಸುತ್ತಾರೆ. ಈ ಪ್ರಣಾಳಿಕೆಗೆ ಸಹಿ ಹಾಕುತ್ತಿರುವವರಲ್ಲಿ ಒಬ್ಬರು ಮೂರು ವರ್ಷ ಹಾಗೆ ಈಟಿ ಹಿಡಿದು ನಿಂತವರು. ಒಂದು ಮಾತೂ ಸಿಗಲಿಲ್ಲ. ಆ ನಾಟಕಗಳ ಕಥೆ ಅವರಿಗೆ ಮರೆತೇ ಹೋಗಿದೆ, ಈಟಿಗೆ ಸುತ್ತಿದ್ದ ಬೆಳ್ಳಿ ಕಾಗದ ಮಾತ್ರ ನೆನಪಿದೆ.

ನಾವು ಶಿಕ್ಷಕರು, ರಂಗಕರ್ಮಿಗಳು, ಪೋಷಕರು. ಮಗು ನಾಟಕ ಬರೆಯಲಿ ಎಂಬುದು ನಮ್ಮ ಬೇಡಿಕೆ. ಕನ್ನಡದ ಅವಧಿಯಲ್ಲಿ ಬರೆಯಲಿ, ವಿಜ್ಞಾನ, ಸಮಾಜ, ಗಣಿತದ ಅವಧಿಗಳಲ್ಲೂ ಬರೆಯಲಿ. ಬರೆದದ್ದನ್ನು ಆಡಿ ನೋಡಲಿ, ಆಡಿದ ಮೇಲೆ ತಿದ್ದಲಿ.

ಇದಕ್ಕೆ ಮಾದರಿಯನ್ನು ದೂರದಿಂದ ತರಬೇಕಾಗಿಲ್ಲ. ಕರಾವಳಿ, ಮಲೆನಾಡು, ಕಾಸರಗೋಡಿನ ಊರುಗಳಲ್ಲಿ ಯಕ್ಷಗಾನದ ತಾಳಮದ್ದಳೆ ಇದೆ. ಬಣ್ಣವಿಲ್ಲ, ವೇಷವಿಲ್ಲ, ಕುಣಿತವಿಲ್ಲ. ಭಾಗವತರು ಪ್ರಸಂಗದ ಪದ್ಯ ಹಾಡುತ್ತಾರೆ, ಅರ್ಥಧಾರಿ ಕೂತಲ್ಲೇ ಅದಕ್ಕೆ ಮಾತು ಕಟ್ಟುತ್ತಾನೆ. ಕರ್ಣನ ಅರ್ಥ ಹೇಳುವವನು ಕರ್ಣನ ಕಡೆಯ ನ್ಯಾಯವನ್ನೆಲ್ಲ ಯೋಚಿಸಿಕೊಂಡು ಬಂದಿರಬೇಕು. ಎದುರಿಗೆ ಕೂತ ಕೃಷ್ಣ ಯಾವ ಮೂಲೆಯಿಂದ ಪ್ರಶ್ನೆ ಎಸೆದರೂ ಅಲ್ಲೇ ಉತ್ತರ ಕೊಡಬೇಕು. ಶೇಣಿ ಗೋಪಾಲಕೃಷ್ಣ ಭಟ್ಟರಂಥವರ ಅರ್ಥ ಕೇಳಲು ಜನ ನಿದ್ದೆಗೆಟ್ಟು ಕೂರುತ್ತಿದ್ದರು, ಕಥೆ ಎಲ್ಲರಿಗೂ ಗೊತ್ತಿದ್ದದ್ದೇ ಆಗಿದ್ದರೂ. ಪಠ್ಯಪುಸ್ತಕದ ಪಾಠವೂ ಇಂಥದೇ ಒಂದು ಪ್ರಸಂಗ. ಕಥೆಯ ಹಂದರ ಅದರಲ್ಲಿದೆ, ಅರ್ಥ ಹೇಳುವವರು ಮಾತ್ರ ಇಲ್ಲ.

ಈಸೂರಿನ ಪಾಠವನ್ನೇ ನೋಡಿ. 1942ರಲ್ಲಿ ಶಿಕಾರಿಪುರ ತಾಲ್ಲೂಕಿನ ಈ ಹಳ್ಳಿ ತಾನು ಸ್ವತಂತ್ರ ಎಂದು ಸಾರಿತು. ಊರಿನವರು ತಮ್ಮದೇ ಸರ್ಕಾರ ಮಾಡಿಕೊಂಡು ಇಬ್ಬರು ಹುಡುಗರನ್ನು ಅಮಲ್ದಾರ, ಸಬ್ ಇನ್ಸ್‌ಪೆಕ್ಟರ್ ಎಂದು ನೇಮಿಸಿದರು. ಸೆಪ್ಟೆಂಬರ್ ಕೊನೆಯಲ್ಲಿ ನಿಜವಾದ ಅಮಲ್ದಾರರೂ ಸಬ್ ಇನ್ಸ್‌ಪೆಕ್ಟರೂ ಪೊಲೀಸರೊಂದಿಗೆ ಊರಿಗೆ ಬಂದಾಗ ಘರ್ಷಣೆಯಾಯಿತು, ಅಧಿಕಾರಿಗಳಿಬ್ಬರೂ ಸತ್ತರು. 1943ರ ಮಾರ್ಚಿನಲ್ಲಿ ಊರಿನ ಐವರನ್ನು ಬೆಂಗಳೂರಿನ ಸೆರೆಮನೆಯಲ್ಲಿ ಗಲ್ಲಿಗೇರಿಸಿದರು. ಪರೀಕ್ಷೆಗೆ ಇಷ್ಟು ಸಾಕು, ಇಸವಿ ಸರಿಯಿದ್ದರೆ ಅಂಕ ಬರುತ್ತದೆ.

ಇದನ್ನೇ ನಾಟಕವಾಗಿ ಬರೆಯಿರಿ ಎಂದಾಗ ಏಳನೇ ತರಗತಿಯ ಮಗುವಿಗೆ ಬೇರೆ ಪ್ರಶ್ನೆಗಳು ಹುಟ್ಟುತ್ತವೆ. ಊರು ತುಂಬ ದೊಡ್ಡವರಿರುವಾಗ ಅಧಿಕಾರ ಹುಡುಗರ ಕೈಗೆ ಯಾಕೆ ಹೋಯಿತು? ಅಮಲ್ದಾರನಾದ ಹುಡುಗ ಆ ರಾತ್ರಿ ಊಟಕ್ಕೆ ಕೂತಾಗ ಅವನ ಅವ್ವ ಏನಂದಳು? ಸತ್ತ ಅಧಿಕಾರಿಯ ಮನೆಯಲ್ಲಿ ಯಾರು ದಾರಿ ಕಾಯುತ್ತಿದ್ದರು? ಈ ಕಡೆಯ ಪ್ರಶ್ನೆಯನ್ನು ನಾವು ಬೇಕೆಂದೇ ಕೇಳಿಸುತ್ತೇವೆ. ಎರಡು ಕಡೆಗೂ ಮಾತು ಬರೆದ ಮಗುವಿನ ಮಟ್ಟಿಗೆ ಇತಿಹಾಸ ಇಸವಿಗಳ ಪಟ್ಟಿಯಾಗಿ ಉಳಿಯುವುದಿಲ್ಲ. ಹಾಗೆಂದು ಕಲ್ಪನೆಯನ್ನು ಇತಿಹಾಸ ಎಂದು ದಾಟಿಸಲೂ ಬಾರದು. ನೋಟುಬುಕ್ಕಿನ ಎಡಪುಟದಲ್ಲಿ ನಡೆದದ್ದು, ಬಲಪುಟದಲ್ಲಿ ನಾವು ಊಹಿಸಿದ್ದು: ಈ ಕಟ್ಟುನಿಟ್ಟು ಮೊದಲ ದಿನದಿಂದಲೇ ಇರಲಿ.

ವಿಜ್ಞಾನದಲ್ಲಿ ನಾಟಕಕ್ಕೆ ಇನ್ನೊಂದು ಉಪಯೋಗವಿದೆ. ಅರ್ಥವಾಗದ್ದನ್ನು ಅದು ಮುಚ್ಚಿಡಲು ಬಿಡುವುದಿಲ್ಲ. ಮೂವರು ಮಕ್ಕಳು ಸೂರ್ಯ, ಭೂಮಿ, ಚಂದ್ರರಾಗಿ ಅಂಗಳದಲ್ಲಿ ನಿಲ್ಲಲಿ. “ಅಮಾವಾಸ್ಯೆಗೊಮ್ಮೆ ನನ್ನೆದುರಿಗೇ ಹಾದು ಹೋಗ್ತೀಯ, ಆದರೂ ಪ್ರತಿ ಸಲ ಗ್ರಹಣ ಆಗಲ್ಲ ಯಾಕೆ?” ಎಂದು ಸೂರ್ಯ ಕೇಳಲಿ. ಚಂದ್ರನ ಮಾತು ಬರೆಯಬೇಕಾದ ಮಗು ಇಲ್ಲಿ ಸಿಕ್ಕಿಕೊಳ್ಳುತ್ತದೆ. ಗ್ರಹಣದ ಚಿತ್ರ ಬರೆದು ಹೆಸರು ಗುರುತಿಸುವಾಗ ಯಾರೂ ಹೀಗೆ ಸಿಕ್ಕಿಕೊಂಡಿರಲಿಲ್ಲ. ಹುಡುಕಿದಾಗ ಉತ್ತರ ಸಿಗುತ್ತದೆ: ಚಂದ್ರನ ದಾರಿ ಭೂಮಿಯ ದಾರಿಗೆ ಸುಮಾರು 5 ಡಿಗ್ರಿ ಓರೆ, ಎರಡು ದಾರಿಗಳು ಅಡ್ಡಹಾಯುವ ಜಾಗದ ಹತ್ತಿರ ಅಮಾವಾಸ್ಯೆ ಬಿದ್ದರೆ ಮಾತ್ರ ಸೂರ್ಯಗ್ರಹಣ. ಪಂಚಾಂಗದ ಗಣಿತದಲ್ಲಿ ಆ ಎರಡು ಜಾಗಗಳ ಹೆಸರೇ ರಾಹು, ಕೇತು. ಅಜ್ಜಿಯ ಕಥೆಯ ರಾಹುವೂ ಈ ನಾಟಕಕ್ಕೆ ಬರಬಹುದು, ಬಂದು ತಾನು ಯಾರೆಂದು ಹೇಳಿಕೊಳ್ಳಬಹುದು.

ಗಣಿತಕ್ಕೆ ಸಂತೆಯ ಚೌಕಾಸಿಗಿಂತ, ಅಣ್ಣತಮ್ಮಂದಿರ ಪಾಲಿಗಿಂತ ಒಳ್ಳೆಯ ದೃಶ್ಯ ಬೇಕಿಲ್ಲ.

ನಮಗೆ ಎಲ್ಲಕ್ಕಿಂತ ಮುಖ್ಯವಾದದ್ದು ಭಾಷೆಯ ಮಾತು. ಪ್ರಬಂಧ ಬರೆಯುವ ಮಗು ಗ್ರಾಂಥಿಕ ಕನ್ನಡದಲ್ಲೇ ಬರೆಯಬೇಕು, ಮನೆಮಾತು ನುಸುಳಿದರೆ ಕೆಂಪು ಶಾಯಿ. ಕಲಬುರಗಿಯ ಮಗು, ಚಾಮರಾಜನಗರದ ಮಗು, ಮನೆಯಲ್ಲಿ ತುಳು, ಉರ್ದು, ಲಂಬಾಣಿ ಆಡುವ ಮಗು, ಎಲ್ಲರೂ ಬರೆಯಲು ಕೂತೊಡನೆ ತಮ್ಮ ನಾಲಿಗೆಯನ್ನು ಶಾಲೆಯ ಹೊರಗೆ ಬಿಟ್ಟು ಬರಬೇಕು. ನಾಟಕದಲ್ಲಿ ಮಾತ್ರ ಆ ನಾಲಿಗೆಗೆ ಹಕ್ಕಿನ ಜಾಗವಿದೆ. ಅಜ್ಜ ಅಜ್ಜನ ಹಾಗೆ ಮಾತಾಡದಿದ್ದರೆ ಆ ಪಾತ್ರವೇ ಸುಳ್ಳು. ತನ್ನ ಮನೆಯ ಮಾತು ಕಾಗದದ ಮೇಲೆ ಬರೆಯಬಹುದಾದದ್ದು ಎಂದು ಗೊತ್ತಾದ ಮಗು ಆಮೇಲೆ ಗ್ರಾಂಥಿಕ ಕನ್ನಡವನ್ನೂ ಹೆದರದೆ ಕಲಿಯುತ್ತದೆ ಎಂಬುದು ನಮ್ಮ ದೃಢ ನಂಬಿಕೆ.

ನಾವು ಬರಿಗೈಯಲ್ಲಿ ಹೊರಟವರಲ್ಲ. ಕುವೆಂಪು ‘ಮೋಡಣ್ಣನ ತಮ್ಮ’ ಬರೆದರು, ವೈದೇಹಿ ಶೇಕ್ಸ್‌ಪಿಯರನ ‘ಟೆಂಪೆಸ್ಟ್’ ನಾಟಕವನ್ನು ‘ಧಾಂ ಧೂಂ ಸುಂಟರಗಾಳಿ’ಯಾಗಿ ಮಕ್ಕಳ ಕೈಗಿಟ್ಟರು. ಗಿಳಿಗೆ ವಿದ್ಯೆ ಕಲಿಸುತ್ತೇವೆಂದು ಅದರ ಬಾಯಿಗೆ ಕಾಗದ ತುರುಕಿ ಕೊಂದ ಟ್ಯಾಗೋರರ ಕಥೆಯನ್ನು ಬಿ.ವಿ. ಕಾರಂತರು ‘ಪಂಜರಶಾಲೆ’ಯಾಗಿಸಿ ಮಕ್ಕಳಿಂದಲೇ ಆಡಿಸಿದರು. ಪ್ರೇಮಾ ಕಾರಂತರ ಬೆನಕ ಮಕ್ಕಳ ಕೇಂದ್ರ, ಮೈಸೂರು ರಂಗಾಯಣದ ಚಿಣ್ಣರ ಮೇಳ, ಹೆಗ್ಗೋಡಿನ ನೀನಾಸಂನಲ್ಲಿ ಕಲಿತು ಊರೂರಿಗೆ ಹೋದವರು, ಇವರ ಋಣ ನಮ್ಮ ಮೇಲಿದೆ. ಆದರೆ ಇವು ಬಹುಪಾಲು ದೊಡ್ಡವರು ಬರೆದು ಮಕ್ಕಳು ಆಡಿದ ನಾಟಕಗಳು, ಬೇಸಿಗೆ ರಜೆಯಲ್ಲಿ ಪೇಟೆಯ ಮಕ್ಕಳಿಗೆ ಹೆಚ್ಚಾಗಿ ಸಿಕ್ಕ ಭಾಗ್ಯ. ನಮ್ಮ ಕೆಲಸ ಜೂನ್ ತಿಂಗಳಲ್ಲಿ, ಶಾಲೆಯ ಗಂಟೆ ಹೊಡೆದ ಮೇಲೆ, ಹಾಜರಿ ಪುಸ್ತಕದಲ್ಲಿ ಹೆಸರಿರುವ ಪ್ರತಿ ಮಗುವಿನ ಜೊತೆ.

2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಕಲಾಶಿಕ್ಷಣ ಹತ್ತನೇ ತರಗತಿಯವರೆಗೆ ಕಡ್ಡಾಯವಾಗಬೇಕು ಎಂದಿತು, ಅದರಲ್ಲಿ ರಂಗಭೂಮಿಯನ್ನೂ ಸೇರಿಸಿತು. 2020ರ ಶಿಕ್ಷಣ ನೀತಿ ಕಲೆಯನ್ನು ಎಲ್ಲ ವಿಷಯಗಳೊಂದಿಗೆ ಬೆಸೆಯಿರಿ ಎಂದಿತು. ವೇಳಾಪಟ್ಟಿಯಲ್ಲಿ ಆ ಅವಧಿ ಎಲ್ಲಿದೆ? ನಾಟಕ ಶಿಕ್ಷಕರಿರುವ ಸರ್ಕಾರಿ ಪ್ರೌಢಶಾಲೆಗಳು ಕೆಲವೇ. ಡಿ.ಎಲ್.ಎಡ್., ಬಿ.ಎಡ್. ಓದುವ ಪ್ರತಿಯೊಬ್ಬರೂ ಒಂದು ಸಣ್ಣ ನಾಟಕ ಬರೆದು, ಆಡಿಸಿಯೇ ಹೊರಬರುವಂತಾಗಬೇಕು ಎಂದು ಸರ್ಕಾರವನ್ನು ಒತ್ತಾಯಿಸುತ್ತೇವೆ. ತಾನು ಬರೆಯದ ಶಿಕ್ಷಕ ಬರೆಸಲಾರ.

ಪಾಠ ಮುಗಿಸಲು ಸಮಯ ಸಾಲದು ಎಂಬ ಶಿಕ್ಷಕರ ಕಷ್ಟ ನಮಗೆ ಗೊತ್ತಿದೆ, ನಮ್ಮಲ್ಲಿ ಅರ್ಧದಷ್ಟು ಮಂದಿ ಅದೇ ಕಷ್ಟದಲ್ಲಿರುವವರು. ಅದಕ್ಕೇ ನಾವು ಬೇರೆ ವಿಷಯ ಕೇಳುತ್ತಿಲ್ಲ, ಇರುವ ಪಾಠವನ್ನು ವಾರಕ್ಕೊಂದು ಅವಧಿ ಹೀಗೆ ಮಾಡಿ ಎನ್ನುತ್ತೇವೆ. ಅಂಕ ಬೇಡ. ಸ್ಪರ್ಧೆ, ಪದಕ ಬೇಡ. ಸ್ಪರ್ಧೆಯಿದ್ದರೆ ಹುರುಪು ಬರುತ್ತದೆ ಎಂದ ಗೆಳೆಯರೂ ನಮ್ಮಲ್ಲಿದ್ದರು, ಬಹಳ ಹೊತ್ತು ವಾದವಾಯಿತು. ಕೊನೆಗೆ ಎಲ್ಲರೂ ಒಪ್ಪಿದೆವು: ಬಹುಮಾನ ಬಂದ ದಿನವೇ ಗಟ್ಟಿ ದನಿಯ ನಾಲ್ವರು ಮುಂದೆ ಬರುತ್ತಾರೆ, ಉಳಿದವರ ಕೈಗೆ ಮತ್ತೆ ಈಟಿ ಬರುತ್ತದೆ. ಮಕ್ಕಳು ಬರೆದ ನಾಟಕಗಳನ್ನು ಹೊಲಿದು ಶಾಲೆಯ ಗ್ರಂಥಾಲಯದಲ್ಲಿಡಬೇಕು. ವಾರ್ಷಿಕೋತ್ಸವದ ನಾಟಕ ಆ ಕಟ್ಟಿನಿಂದಲೇ ಬರಬೇಕು.

ಓದುತ್ತಿರುವ ಮೇಷ್ಟ್ರೇ, ಮೇಡಂ, ಸರ್ಕಾರದ ಆದೇಶಕ್ಕೆ ಕಾಯಬೇಡಿ. ಈ ವಾರ ಒಂದು ಪಾಠದಿಂದ ಎರಡು ಪಾತ್ರ, ಅವರಿಬ್ಬರ ನಡುವೆ ಒಂದು ಜಗಳ ತೆಗೆದುಕೊಡಿ. ಮಕ್ಕಳು ಹತ್ತು ಸಾಲು ಬರೆಯಲಿ. ಕೆಂಪು ಪೆನ್ನು ತೆಗೆಯುವ ಮೊದಲು, ಬರೆದವರೇ ಎದ್ದು ನಿಂತು ಅದನ್ನು ಗಟ್ಟಿಯಾಗಿ ಓದಲಿ. ನೀವು ಕೊನೆಯ ಬೆಂಚಿನಲ್ಲಿ ಕೂತು ಕೇಳಿ.