ನಗರದ ಅಂಚಿನಲ್ಲಿ ಹುಟ್ಟುವ ಬಹುಮತ

ಗುಜರಾತಿನ ರಾಜಕೀಯವನ್ನು ದೂರದಿಂದ ನೋಡುವವರಿಗೆ ಅದು ಒಂದೇ ಬಣ್ಣದ ರಾಜ್ಯ. 1998ರಿಂದ ಇಲ್ಲಿ ಬಿಜೆಪಿಯದೇ ಸರ್ಕಾರ. ಆದರೆ 2017ರ ವಿಧಾನಸಭಾ ಚುನಾವಣೆಯ ಫಲಿತಾಂಶವನ್ನು ಒಮ್ಮೆ ಬಿಡಿಸಿ ನೋಡಿ. ಒಟ್ಟು 182 ಸ್ಥಾನಗಳಲ್ಲಿ ಬಿಜೆಪಿಗೆ 99, ಕಾಂಗ್ರೆಸ್ಸಿಗೆ 77. ಇವುಗಳಲ್ಲಿ ಅಹಮದಾಬಾದ್ ನಗರದ 16, ವಡೋದರಾ ನಗರದ 5, ಸೂರತ್ ನಗರ ಮತ್ತು ಅದಕ್ಕೆ ಅಂಟಿಕೊಂಡ ಪ್ರದೇಶದ 12 ಸ್ಥಾನಗಳನ್ನು ಪಕ್ಕಕ್ಕಿಡಿ. ಈ 33ರಲ್ಲಿ ಬಿಜೆಪಿ 29 ಗೆದ್ದಿತ್ತು. ಉಳಿದ 149ರಲ್ಲಿ ಬಿಜೆಪಿಗೆ ಬಂದದ್ದು 70, ಕಾಂಗ್ರೆಸ್ಸಿಗೆ 73. ಅಂದರೆ ಈ ಮೂರು ನಗರಗಳನ್ನು ಬಿಟ್ಟರೆ ಆ ವರ್ಷ ಮುಂದಿದ್ದುದು ಕಾಂಗ್ರೆಸ್. ಗಾಂಧಿನಗರದಲ್ಲಿ ಯಾರು ಕೂರಬೇಕೆಂದು ತೀರ್ಮಾನಿಸಿದ್ದು ನಗರಗಳೇ.

ಯಂತ್ರಗಳ ಸರ್ವೀಸಿಂಗ್ ಕೆಲಸದ ಮೇಲೆ ಈ ಮೂರೂ ನಗರಗಳ ನಡುವೆ ವರ್ಷಗಳಿಂದ ತಿರುಗುತ್ತಿರುವ ನಾನು ವಡೋದರಾದ ಮತದಾರ. ಯಾವ ಪಕ್ಷ ಗೆಲ್ಲಬೇಕಿತ್ತು, ಯಾವುದು ಸೋಲಬೇಕಿತ್ತು ಎಂಬ ಚರ್ಚೆ ಇಲ್ಲಿ ಬೇಡ. ನಗರಗಳಿಗೆ ಈ ತೂಕ ಹೇಗೆ ಬಂತು, ಆ ತೂಕದಲ್ಲಿ ಹೊರಗಿನಿಂದ ಬಂದ ನಮ್ಮಂಥವರ ಪಾಲೆಷ್ಟು ಎಂಬುದಷ್ಟೇ ನನ್ನ ಪ್ರಶ್ನೆ.

ಮೊದಲ ಕಾರಣ ಗಡಿರೇಖೆ. 2007ರವರೆಗೆ ಗುಜರಾತಿನ ಕ್ಷೇತ್ರಗಳು 1971ರ ಜನಗಣತಿಯ ಲೆಕ್ಕದ ಮೇಲೆ ನಿಂತಿದ್ದವು. ಅಷ್ಟರಲ್ಲಿ ಸೂರತ್ ಹಲವು ಪಟ್ಟು ಬೆಳೆದಿತ್ತು, ಅಹಮದಾಬಾದ್ ಸಾಬರಮತಿ ದಾಟಿ ಪಶ್ಚಿಮಕ್ಕೆ ಹಬ್ಬಿತ್ತು. ರಾಜ್ಯದಲ್ಲಿ ಒಂದು ಕ್ಷೇತ್ರಕ್ಕೆ ಸರಾಸರಿ ಎರಡು ಲಕ್ಷ ಮತದಾರರಿದ್ದರೆ, ಸೂರತ್ ಹೊರವಲಯದ ಚೋರ್ಯಾಸಿ ಒಂದರಲ್ಲೇ ಹತ್ತು ಲಕ್ಷಕ್ಕೂ ಮಿಕ್ಕಿ ಜನ ಇದ್ದರು. ಅಹಮದಾಬಾದಿನ ಅಂಚಿನ ಸರಖೇಜ್ ಕೂಡ ಇಂಥದೇ ದೈತ್ಯ ಕ್ಷೇತ್ರ. ಅಲ್ಲಿ 2007ರಲ್ಲಿ ಅಮಿತ್ ಶಾ ಗೆದ್ದ ಅಂತರ ಎರಡು ಲಕ್ಷ ಮೀರಿತ್ತು. ಎರಡು ಲಕ್ಷದ ಅಂತರವಿದ್ದರೂ ವಿಧಾನಸಭೆಯಲ್ಲಿ ಅದರ ಬೆಲೆ ಒಂದು ಸ್ಥಾನ ಮಾತ್ರ. ಡಾಂಗ್‌ನ ಮತದಾರನ ಒಂದು ಮತಕ್ಕಿದ್ದ ತೂಕ ಚೋರ್ಯಾಸಿಯವನ ಮತಕ್ಕಿರಲಿಲ್ಲ.

2001ರ ಜನಗಣತಿಯ ಮೇಲೆ ನಡೆದ ಪುನರ್ವಿಂಗಡಣೆ 2012ರ ಚುನಾವಣೆಯಲ್ಲಿ ಜಾರಿಗೆ ಬಂದಾಗ ಈ ಹೊರವಲಯಗಳು ಒಡೆದು ಹಲವು ಕ್ಷೇತ್ರಗಳಾದವು. ಸರಖೇಜ್ ಎಂಬ ಹೆಸರೇ ಪಟ್ಟಿಯಿಂದ ಮಾಯವಾಯಿತು. ಘಾಟ್ಲೋಡಿಯಾ, ವೇಜಲಪುರ, ನಾರಣಪುರ ಎಂಬ ಹೊಸ ಹೆಸರುಗಳು ಬಂದವು. ಘಾಟ್ಲೋಡಿಯಾದಿಂದ 2012ರಲ್ಲಿ ಗೆದ್ದ ಆನಂದಿಬೆನ್ ಪಟೇಲ್ ಮುಂದೆ ಮುಖ್ಯಮಂತ್ರಿಯಾದರು. 2017ರಲ್ಲಿ ಅಲ್ಲಿಂದ ಗೆದ್ದ ಭೂಪೇಂದ್ರ ಪಟೇಲ್ 2021ರಲ್ಲಿ ಮುಖ್ಯಮಂತ್ರಿಯಾದರು. ಅಪಾರ್ಟ್‌ಮೆಂಟುಗಳೇ ತುಂಬಿದ ಒಂದು ಬಡಾವಣೆಯಿಂದ ಹತ್ತು ವರ್ಷದೊಳಗೆ ಇಬ್ಬರು ಮುಖ್ಯಮಂತ್ರಿಗಳು.

ಎರಡನೆಯ ಕಾರಣ ನೆಲ. ಬೆಂಗಳೂರಿನಲ್ಲಿ ಮೊದಲು ಮನೆ, ಆಮೇಲೆ ರಸ್ತೆ, ಅದಾದ ಮೇಲೆ ಖಾತೆಯ ತಗಾದೆ. ಇಲ್ಲಿ 1976ರ ಕಾಯ್ದೆಯಡಿ ‘ಟಿಪಿ ಸ್ಕೀಮ್’ ಎಂಬ ಪದ್ಧತಿ ಇದೆ. ನಗರದಂಚಿನ ರೈತರ ಜಮೀನುಗಳನ್ನೆಲ್ಲ ಒಟ್ಟುಗೂಡಿಸಿ ಸಾಮಾನ್ಯವಾಗಿ ಶೇ 40ರ ಆಸುಪಾಸು ಜಾಗವನ್ನು ರಸ್ತೆ, ಉದ್ಯಾನ, ಶಾಲೆಗೆಂದು ತೆಗೆದುಕೊಂಡು, ಉಳಿದದ್ದನ್ನು ಅಚ್ಚುಕಟ್ಟಾದ ನಿವೇಶನವಾಗಿ ಅದೇ ರೈತನಿಗೆ ಹಿಂದಿರುಗಿಸುತ್ತಾರೆ. ಜಾಗ ಕಡಿಮೆಯಾದರೂ ಬೆಲೆ ಏರುತ್ತದೆ. ನಗರ ಬೆಳೆದಷ್ಟೂ ನೆಲ ಮಾರಿದ ಪಟೇಲನಿಗೂ ಫ್ಲ್ಯಾಟ್ ಕೊಂಡ ಗುಮಾಸ್ತನಿಗೂ ಲಾಭ. ಅಹಮದಾಬಾದಿನ ವರ್ತುಲ ರಸ್ತೆಯ ಆಚೀಚೆ ಸಾಲ ಮಾಡಿ ಮನೆ ಕೊಂಡ ಕುಟುಂಬಕ್ಕೆ ಬೇಕಾದದ್ದು ಈ ಏರಿಕೆ ನಿಲ್ಲದಿರುವುದು. ಬದಲಾವಣೆಗಿಂತ ಸ್ಥಿರತೆಗೆ ಮತ ಹಾಕುವ ಮನಸ್ಸು ಹೀಗೆ ತಯಾರಾಗುತ್ತದೆ. 2017ರ ಜುಲೈಯಲ್ಲಿ ಜಿಎಸ್‌ಟಿ ವಿರುದ್ಧ ಸೂರತ್ತಿನ ಬಟ್ಟೆ ವ್ಯಾಪಾರಿಗಳು ವಾರಗಟ್ಟಲೆ ಅಂಗಡಿ ಮುಚ್ಚಿ ಬೀದಿಗಿಳಿದಿದ್ದರು. ಆರು ತಿಂಗಳೊಳಗೆ ನಡೆದ ಚುನಾವಣೆಯಲ್ಲಿ ಆ ನಗರದ ಒಂದು ಸ್ಥಾನವೂ ಕೈಬದಲಾಗಲಿಲ್ಲ.

ಈ ಚಿತ್ರಕ್ಕೆ ಇನ್ನೊಂದು ಮಗ್ಗುಲಿದೆ. 1991ರ ‘ಅಶಾಂತ ಪ್ರದೇಶ’ ಕಾಯ್ದೆಯಡಿ ಈ ನಗರಗಳ ಹಲವು ಭಾಗಗಳಲ್ಲಿ ಜಿಲ್ಲಾಧಿಕಾರಿಯ ಒಪ್ಪಿಗೆಯಿಲ್ಲದೆ ಆಸ್ತಿ ಮಾರುವಂತಿಲ್ಲ. ಒತ್ತಾಯದ ಮಾರಾಟ ತಡೆಯುವುದು ಕಾಯ್ದೆಯ ಉದ್ದೇಶ. ಆದರೆ ಕೋಮುಗಲಭೆಗಳ ನಂತರ ಎಲ್ಲಿ ಯಾರು ವಾಸಿಸಬೇಕೆಂಬ ಗೋಡೆಗಳು ಇನ್ನಷ್ಟು ಗಟ್ಟಿಯಾದವು. ಅಹಮದಾಬಾದಿನ ಜುಹಾಪುರ ದೊಡ್ಡ ಮುಸ್ಲಿಂ ವಸತಿ ಪ್ರದೇಶವಾಗಿ ಬೆಳೆದದ್ದು ಹೀಗೆ. ನೆರೆಹೊರೆ ಬೇರೆಯಾದಾಗ ಮತವೂ ಬೇರೆಯಾಗುತ್ತದೆ. ಮತಗಟ್ಟೆವಾರು ಲೆಕ್ಕ ನೋಡುವ ಪಕ್ಷಗಳಿಗೆ ಯಾವ ಬೀದಿಗೆ ಹೋಗಬೇಕು, ಯಾವುದನ್ನು ಬಿಡಬೇಕು ಎಂಬುದು ಮೊದಲೇ ಗೊತ್ತಿರುತ್ತದೆ.

ಹಾಗೆಂದು ನಗರದ ಮತ ಕಲ್ಲಿನಲ್ಲಿ ಕೊರೆದದ್ದಲ್ಲ. 2000ದಲ್ಲಿ ಅಹಮದಾಬಾದ್ ಮಹಾನಗರ ಪಾಲಿಕೆಯನ್ನು ಕಾಂಗ್ರೆಸ್ ಗೆದ್ದಿತ್ತು. 2021ರಲ್ಲಿ ಸೂರತ್ ಪಾಲಿಕೆಯ 120 ಸ್ಥಾನಗಳಲ್ಲಿ ಆಮ್ ಆದ್ಮಿ ಪಕ್ಷ 27 ಗೆದ್ದು, ಕಾಂಗ್ರೆಸ್ ಸೊನ್ನೆಗಿಳಿಯಿತು. ಆಪ್‌ಗೆ ಬಲ ಕೊಟ್ಟದ್ದು ವರಾಛಾ, ಕತಾರ್‌ಗಾಮ್ ಕಡೆಯ ಪಾಟೀದಾರರು, ಅಂದರೆ ಸೌರಾಷ್ಟ್ರದಿಂದ ಬಂದು ವಜ್ರದ ಹೊಳಪು ಕೊಡುವ ಕೆಲಸದಲ್ಲಿ ನೆಲೆಯಾದವರು. 2022ರ ವಿಧಾನಸಭಾ ಚುನಾವಣೆಯಲ್ಲಿ ಆಪ್ ಸೂರತ್ತಿನಲ್ಲಿ ಒಂದೂ ಸ್ಥಾನ ಗೆಲ್ಲಲಿಲ್ಲ. ಆದರೆ ಅದು ಗೆದ್ದ ಐದರಲ್ಲಿ ಬೋಟಾದ್, ಗಾರಿಯಾಧಾರ್, ವಿಸಾವದರ್, ಜಾಮ್‌ಜೋಧಪುರ ಈ ನಾಲ್ಕೂ ಸೌರಾಷ್ಟ್ರದವು. ವಜ್ರದ ಕಾರ್ಖಾನೆಗಳಿಂದ ದೀಪಾವಳಿಗೆ ಊರಿಗೆ ಹೋಗುವವರು ಸಿಹಿಯ ಜತೆಗೆ ರಾಜಕೀಯವನ್ನೂ ಒಯ್ಯುತ್ತಾರೆ ಎಂದು ನನಗನಿಸುತ್ತದೆ. ನಗರದಲ್ಲಿ ಸೋತ ಮಾತು ಹಳ್ಳಿಯಲ್ಲಿ ಗೆದ್ದಿತು.

ಈಗ ವಲಸಿಗರ ವಿಷಯಕ್ಕೆ ಬರೋಣ. ಸೂರತ್ತಿನ ಒಂದೇ ನಗರದಲ್ಲಿ ಎರಡು ಬಗೆಯ ವಲಸಿಗರಿದ್ದಾರೆ. ಮಹಾರಾಷ್ಟ್ರದ ಖಾನ್‌ದೇಶದಿಂದ ಬಂದವರು ಸಂಸಾರ ಸಮೇತ ನೆಲೆಯೂರಿ ಇಲ್ಲಿನ ಮತದಾರರ ಪಟ್ಟಿಗೆ ಸೇರಿದರು. ಲಿಂಬಾಯತ್ ಕ್ಷೇತ್ರದ ಶಾಸಕಿ ಸಂಗೀತಾ ಪಾಟೀಲ್ ಮರಾಠಿ ಮೂಲದವರು. ಜಳಗಾಂವ್ ಜಿಲ್ಲೆಯಲ್ಲಿ ಹುಟ್ಟಿದ ಸಿ.ಆರ್. ಪಾಟೀಲ್, ಸೂರತ್ತಿನ ಹೊರವಲಯಗಳನ್ನು ಒಳಗೊಂಡ ನವಸಾರಿ ಲೋಕಸಭಾ ಕ್ಷೇತ್ರದಿಂದ 2019ರಲ್ಲಿ 6.89 ಲಕ್ಷ ಮತಗಳ ಅಂತರದಿಂದ ಗೆದ್ದರು. ಆ ವರ್ಷ ಇಡೀ ದೇಶದಲ್ಲೇ ಅದು ಅತಿ ದೊಡ್ಡ ಅಂತರ. ಇನ್ನೊಂದು ಕಡೆ ಒಡಿಶಾದ ಗಂಜಾಂ ಜಿಲ್ಲೆಯಿಂದ ಬಂದ ಪವರ್‌ಲೂಮ್ ಕಾರ್ಮಿಕರು. ಒಂದು ಕೋಣೆಯಲ್ಲಿ ಪಾಳಿಯ ಮೇಲೆ ಮಲಗುವ ಇವರಲ್ಲಿ ಬಹುಪಾಲು ಜನರ ಹೆಸರು ಇಂದಿಗೂ ಊರಿನ ಪಟ್ಟಿಯಲ್ಲೇ ಇದೆ. ಸೂರತ್ತಿನ ಬಟ್ಟೆ ಇವರ ಕೈಯಿಂದ ಹೊರಡುತ್ತದೆ, ಸೂರತ್ತಿನ ಶಾಸಕರನ್ನು ಆರಿಸುವಾಗ ಇವರು ಲೆಕ್ಕಕ್ಕಿಲ್ಲ. ಇವರ ವಸತಿಯ ಕೊಳಾಯಿಗೆ ನೀರು ಬಾರದಿದ್ದರೆ ಯಾವ ಕಾರ್ಪೊರೇಟರ್‌ಗೂ ನಷ್ಟವಿಲ್ಲ.

2022ರ ಚುನಾವಣೆಯ ಮೊದಲ ಹಂತದ ನಂತರ ಚುನಾವಣಾ ಆಯೋಗವೇ ನಗರಗಳ ನಿರಾಸಕ್ತಿಯ ಬಗ್ಗೆ ಬೇಸರ ತೋಡಿಕೊಂಡಿತ್ತು. ಆದಿವಾಸಿ ಪ್ರದೇಶವಾದ ದೇಡಿಯಾಪಾಡಾದಲ್ಲಿ ಶೇ 82 ದಾಟಿದ ಮತದಾನ, ಕೈಗಾರಿಕಾ ಪಟ್ಟಣ ಗಾಂಧಿಧಾಮದಲ್ಲಿ ಶೇ 48ನ್ನೂ ಮುಟ್ಟಲಿಲ್ಲ. ಇನ್ನು 2024ರ ಲೋಕಸಭಾ ಚುನಾವಣೆಯಲ್ಲಿ ಸೂರತ್ ಮತ ಹಾಕಲೇ ಇಲ್ಲ. ಕಾಂಗ್ರೆಸ್ ಅಭ್ಯರ್ಥಿಯ ನಾಮಪತ್ರ ತಿರಸ್ಕೃತವಾಗಿ, ಉಳಿದವರು ಹಿಂದೆ ಸರಿದು, ಬಿಜೆಪಿಯ ಮುಕೇಶ್ ದಲಾಲ್ ಅವಿರೋಧವಾಗಿ ಆಯ್ಕೆಯಾದರು. ಜನರ ಭಾಗವಹಿಸುವಿಕೆ ಸೊರಗಿದ ಕಡೆ ಸ್ಪರ್ಧೆಯೂ ಸೊರಗುತ್ತದೆ.

ನಮ್ಮವರ ಸ್ಥಿತಿ ಗಂಜಾಂ ಕಾರ್ಮಿಕರದಕ್ಕಿಂತ ಬೇರೆಯೇನಲ್ಲ. ಹಜೀರಾದ ಕಾರ್ಖಾನೆಗಳಲ್ಲಿ, ಕೋಯಲಿಯ ತೈಲ ಶುದ್ಧೀಕರಣ ಘಟಕದಲ್ಲಿ, ಹೋಟೆಲುಗಳಲ್ಲಿ, ಬ್ಯಾಂಕುಗಳಲ್ಲಿ ಕನ್ನಡಿಗರಿದ್ದೇವೆ. 2019ರಲ್ಲಿ ವಿಜಯಾ ಬ್ಯಾಂಕ್ ಬ್ಯಾಂಕ್ ಆಫ್ ಬರೋಡಾದಲ್ಲಿ ಲೀನವಾದ ಮೇಲೆ ವಡೋದರಾದ ಹೆಸರು ಕರಾವಳಿಯ ಮನೆಮನೆಗೂ ಪರಿಚಿತ. ಸಂಘದ ಯುಗಾದಿ ಊಟದಲ್ಲಿ ಕೇಳಿ ನೋಡಿ: ಹತ್ತು ವರ್ಷದಿಂದ ಇಲ್ಲಿದ್ದರೂ ವೋಟು ಮಾತ್ರ ಹುಬ್ಬಳ್ಳಿಯಲ್ಲೋ ಕುಂದಾಪುರದಲ್ಲೋ ಇರುತ್ತದೆ. ‘ಊರಿನ ನಂಟು ಕಡಿಯಬಾರದಲ್ಲ’ ಎನ್ನುತ್ತಾರೆ. ಆ ಭಾವನೆ ನನಗೆ ಅರ್ಥವಾಗುತ್ತದೆ. ಆದರೆ 2024ರ ಮೇ 7ರಂದು ಗುಜರಾತಿಗೂ ಉತ್ತರ ಕರ್ನಾಟಕದ 14 ಕ್ಷೇತ್ರಗಳಿಗೂ ಒಂದೇ ದಿನ ಮತದಾನವಿತ್ತು. ಊರಿಗೆ ಹೋದವರು ಎಷ್ಟು ಮಂದಿ? ನಂಟು ಉಳಿಯಿತು, ಮತ ಎಲ್ಲೂ ಬೀಳಲಿಲ್ಲ.

ಕಾನೂನು ಸ್ಪಷ್ಟವಾಗಿದೆ. 1950ರ ಜನಪ್ರತಿನಿಧಿ ಕಾಯ್ದೆಯ ಪ್ರಕಾರ ಒಬ್ಬರ ಹೆಸರು ಒಂದೇ ಕ್ಷೇತ್ರದಲ್ಲಿರಬೇಕು, ಅದೂ ಸಾಮಾನ್ಯವಾಗಿ ವಾಸವಿರುವ ಕಡೆ. ಊರಿನಲ್ಲಿ ಸ್ವಂತ ಮನೆ ಇದೆ ಎಂಬುದೊಂದೇ ಅಲ್ಲಿನ ನಿವಾಸಿ ಎನ್ನಲು ಸಾಲದು. ಹೆಸರು ವರ್ಗಾಯಿಸಿದರೆ ಪಿತ್ರಾರ್ಜಿತ ಆಸ್ತಿಗೇನೂ ಧಕ್ಕೆಯಿಲ್ಲ. ಬೇಕಾದದ್ದು ನಮೂನೆ 8 ಮತ್ತು ವಿಳಾಸದ ಒಂದು ದಾಖಲೆ. ವಲಸಿಗರು ಇದ್ದಲ್ಲಿಂದಲೇ ತವರು ಕ್ಷೇತ್ರಕ್ಕೆ ಮತ ಹಾಕುವ ಯಂತ್ರವನ್ನು ಆಯೋಗ 2023ರ ಜನವರಿಯಲ್ಲಿ ಪಕ್ಷಗಳ ಮುಂದಿಟ್ಟಿತ್ತು. ವಿರೋಧ ಪಕ್ಷಗಳು ಒಪ್ಪಲಿಲ್ಲ, ಅದು ಜಾರಿಗೂ ಬರಲಿಲ್ಲ. ಅದನ್ನು ಕಾಯುತ್ತ ಕೂತರೆ ಇನ್ನೆರಡು ಚುನಾವಣೆ ಕಳೆದೀತು. 2025ರ ನವೆಂಬರಿನಲ್ಲಿ ಗುಜರಾತಿನಲ್ಲಿ ಮತದಾರರ ಪಟ್ಟಿಯ ವಿಶೇಷ ಪರಿಷ್ಕರಣೆ ಶುರುವಾದಾಗ ಮನೆಮನೆಗೂ ಅರ್ಜಿ ಬಂತು. ‘ನಾವು ಎಲ್ಲಿಯವರು’ ಎಂಬ ಪ್ರಶ್ನೆಗೆ ಕಾಗದದ ಮೇಲೆ ಉತ್ತರ ಕೊಡಬೇಕಾದ ಕಾಲ ಇದು.

ಇದೇ ಕನ್ನಡಿಯನ್ನು ಕರ್ನಾಟಕದ ಕಡೆಗೂ ತಿರುಗಿಸಬೇಕು. 2023ರಲ್ಲಿ ರಾಜ್ಯದಾದ್ಯಂತ 66ಕ್ಕೆ ಇಳಿದ ಬಿಜೆಪಿ ಬೆಂಗಳೂರಿನ 28ರಲ್ಲಿ 16 ಉಳಿಸಿಕೊಂಡಿತು. ಜಯನಗರದ ಅಂತರ ಬರೇ 16 ಮತ. 2024ರಲ್ಲಿ ‘ಬೆಂಗಳೂರು ಗ್ರಾಮಾಂತರ’ದಲ್ಲಿ ಡಾ. ಸಿ.ಎನ್. ಮಂಜುನಾಥ್ 2.69 ಲಕ್ಷ ಮತಗಳಿಂದ ಗೆದ್ದರು. ಆ ಕ್ಷೇತ್ರದ ಅರ್ಧಕ್ಕಿಂತ ಹೆಚ್ಚು ಮತದಾರರು ರಾಜರಾಜೇಶ್ವರಿನಗರ, ಬೆಂಗಳೂರು ದಕ್ಷಿಣ, ಆನೇಕಲ್ ಎಂಬ ಮೂರು ನಗರದಂಚಿನ ವಿಧಾನಸಭಾ ಕ್ಷೇತ್ರಗಳವರು. ಹೆಸರು ಮಾತ್ರ ಗ್ರಾಮಾಂತರ. ಮುಂದಿನ ಪುನರ್ವಿಂಗಡಣೆಯಲ್ಲಿ ಇಂಥ ಅಂಚುಗಳಿಗೆ ಇನ್ನಷ್ಟು ಸ್ಥಾನ ಸಿಗುವುದು ಖಂಡಿತ.

ಆದರೆ ಗುಜರಾತಿನಲ್ಲಿ ಇರುವ ಒಂದು ಮೆಟ್ಟಿಲು ನಮ್ಮಲ್ಲಿ ಇಲ್ಲ. ಇಲ್ಲಿ 2010, 2015, 2021ರಲ್ಲಿ ಪಾಲಿಕೆ ಚುನಾವಣೆಗಳು ನಡೆದವು. ಕೋವಿಡ್ ಕಾರಣಕ್ಕೆ ತಡವಾದದ್ದು ಕೆಲವೇ ತಿಂಗಳು. ಬೆಂಗಳೂರಿನಲ್ಲಿ 2015ರ ನಂತರ ಹತ್ತು ವರ್ಷ ಕಳೆದರೂ ಪಾಲಿಕೆ ಚುನಾವಣೆ ಇಲ್ಲ. 2025ರಲ್ಲಿ ಒಂದು ಪಾಲಿಕೆ ಐದಾಯಿತು, ವಾರ್ಡಿನ ಸದಸ್ಯ ಮಾತ್ರ ಬರಲಿಲ್ಲ. ಗುಂಡಿ ಬಿದ್ದ ರಸ್ತೆಗೆ ಯಾರನ್ನು ಕೇಳಬೇಕೆಂದು ತಿಳಿಯದ ಮತದಾರ ಶಾಸಕನನ್ನೋ ಸಂಸದನನ್ನೋ ಶಪಿಸುತ್ತಾನೆ, ಇಲ್ಲವೇ ಮನೆಯಲ್ಲೇ ಕೂರುತ್ತಾನೆ. ನಗರದ ಮತ ಪಕ್ವವಾಗುವುದು ವಾರ್ಡಿನಲ್ಲಿ. ಆ ಪಾಠವನ್ನು ಗುಜರಾತಿನ ಎರಡೂ ದೊಡ್ಡ ಪಕ್ಷಗಳು ಕಲಿತಿವೆ, ಒಂದು ಗೆದ್ದು, ಇನ್ನೊಂದು ಸೋತು.

ಬೆಂಗಳೂರಿಗೆ ಬಂದವರು ಕನ್ನಡ ಕಲಿಯಲಿ, ಇಲ್ಲಿಯವರಾಗಲಿ ಎಂದು ನಾವು ಬಯಸುತ್ತೇವೆ. ಆ ಬಯಕೆ ನ್ಯಾಯವಾದದ್ದು. ಹಾಗಿದ್ದರೆ ವಡೋದರಾಕ್ಕೆ, ಸೂರತ್ತಿಗೆ, ಅಹಮದಾಬಾದಿಗೆ ಬಂದ ನಾವೂ ಇಲ್ಲಿಯವರಾಗಬೇಕು. ಕನ್ನಡ ಸಂಘಗಳು ರಾಜ್ಯೋತ್ಸವದ ವೇದಿಕೆಯ ಪಕ್ಕದಲ್ಲಿ ಒಂದು ಮೇಜು ಹಾಕಿ, ನಮೂನೆ 6 ಮತ್ತು 8 ತುಂಬಿಸಿಕೊಳ್ಳುವ ಕೆಲಸ ಶುರುಮಾಡಲಿ. ಇದಕ್ಕೆ ಹೆಚ್ಚು ಖರ್ಚಿಲ್ಲ, ಪಕ್ಷದ ಹಂಗೂ ಇಲ್ಲ.